ಹಾಡು ಅದೇ, ಕೇಳಿಸುವುದು ಬೇರೆ: ಕಾರ್ಪೆಂಟರ್ಸ್ ಹಿಟ್ ಸಂಕಲನ ಮತ್ತು ಕೇಳುಗರ ತಕರಾರು

ನಮಸ್ಕಾರ ಸ್ನೇಹಿತರೇ.

ಹಿಟ್ ಹಾಡುಗಳ ಸಂಕಲನ ಅಂದರೆ ಸಾಮಾನ್ಯವಾಗಿ ಮಾತಾಡುವುದಕ್ಕೆ ಜಾಸ್ತಿ ಏನೂ ಇರುವುದಿಲ್ಲ. ಹಳೆಯ ಹಾಡುಗಳನ್ನು ಒಂದು ಕಡೆ ಸೇರಿಸುತ್ತಾರೆ, ಹೊಸ ಮುಖಪುಟ ಹಾಕುತ್ತಾರೆ, ಮಾರುತ್ತಾರೆ. ಇವತ್ತು ನಾನು ಆರಿಸಿಕೊಂಡಿರುವ ಸಂಕಲನ ಹಾಗಿಲ್ಲ. ಅದು ಕಾರ್ಪೆಂಟರ್ಸ್ ಎಂಬ ಅಮೆರಿಕದ ಅಣ್ಣ-ತಂಗಿ ಗಾಯನ ಜೋಡಿಯ 'ದ ಸಿಂಗಲ್ಸ್ 1969–1973'. 1973ರ ನವೆಂಬರ್‌ನಲ್ಲಿ ಬಂತು. ಅದರಲ್ಲಿ ಕೆಲವು ಹಾಡುಗಳನ್ನು ಹೊಸದಾಗಿ ಹಾಡಿದ್ದರು. ಕೆಲವನ್ನು ನಡುವೆ ಬಿಡುವೇ ಇಲ್ಲದಂತೆ ಒಂದಕ್ಕೊಂದು ಹೆಣೆದಿದ್ದರು. ಆಮೇಲಿನ ದಶಕಗಳಲ್ಲಿ ಅವೇ ಹಾಡುಗಳನ್ನು ಅಣ್ಣ ರಿಚರ್ಡ್ ಮತ್ತೆ ಮತ್ತೆ ರೀಮಿಕ್ಸ್ ಮಾಡುತ್ತಾ ಹೋದರು. ಕೇಳುಗರು ಎರಡು ಪಾಲಾದರು. ಐವತ್ತು ವರ್ಷ ಕಳೆದರೂ ಆ ವಾದ ತಣ್ಣಗಾಗಿಲ್ಲ.

ಈ ವಾದದಲ್ಲಿ ನಾನು ಯಾವ ಕಡೆ ಎಂದು ಮೊದಲೇ ಹೇಳಿಬಿಡುತ್ತೇನೆ. ರಿಚರ್ಡ್ ಕೈಹಾಕಿದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಆದರೆ ಒಪ್ಪದ ಕೇಳುಗರನ್ನು 'ಹಳೆಯದನ್ನೇ ಹಿಡಿದುಕೊಂಡು ಕೂತವರು' ಎಂದು ತಳ್ಳಿಹಾಕುವುದು ಮಾತ್ರ ಖಂಡಿತ ತಪ್ಪು. ಅವರ ಕಿವಿಗೆ ಬಿದ್ದದ್ದು ಭ್ರಮೆಯಲ್ಲ. ಅಲ್ಲಿ ನಿಜವಾಗಿಯೂ ಏನೋ ಬದಲಾಗಿದೆ.

ಈ ಜೋಡಿಯ ಬಗ್ಗೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ರಿಚರ್ಡ್ ಹುಟ್ಟಿದ್ದು 1946ರಲ್ಲಿ, ತಂಗಿ ಕ್ಯಾರೆನ್ 1950ರಲ್ಲಿ. ಇಬ್ಬರೂ ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನವರು. 1963ರಲ್ಲಿ ಕುಟುಂಬ ಕ್ಯಾಲಿಫೋರ್ನಿಯಾದ ಡೌನಿಗೆ ಬಂತು. 1969ರಲ್ಲಿ ಎ ಅಂಡ್ ಎಂ ರೆಕಾರ್ಡ್ಸ್ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಹರ್ಬ್ ಆಲ್ಪರ್ಟ್ ಈ ಇಬ್ಬರನ್ನೂ ತಮ್ಮ ಕಂಪನಿಗೆ ಸೇರಿಸಿಕೊಂಡರು. ಮರುವರ್ಷ 'ಕ್ಲೋಸ್ ಟು ಯು' ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ನಾಲ್ಕು ವಾರ ಮೊದಲ ಸ್ಥಾನದಲ್ಲಿತ್ತು. ಕ್ಯಾರೆನ್ ತಮ್ಮನ್ನು ಮೊದಲು ಡ್ರಮ್ಸ್ ನುಡಿಸುವವಳು ಎಂದೇ ಅಂದುಕೊಂಡಿದ್ದರು. ಜನ ಅವರನ್ನು ನೆನಪಿಟ್ಟುಕೊಂಡದ್ದು ಆ ಕೆಳಸ್ಥಾಯಿಯ, ಕಿವಿಯ ಪಕ್ಕದಲ್ಲೇ ಕೂತು ಹಾಡಿದಂಥ ದನಿಗೆ. ಪಿಯಾನೊ, ವಾದ್ಯಸಂಯೋಜನೆ, ಯಾವ ಹಾಡು ಆರಿಸಬೇಕು ಎನ್ನುವ ತೀರ್ಮಾನ, ಇವೆಲ್ಲ ರಿಚರ್ಡ್ ಕೆಲಸ. ಹಿಂದೆ ಕೇಳಿಸುವ ದೊಡ್ಡ ಕೋರಸ್ ಇದೆಯಲ್ಲ, ಅದು ಯಾವ ಗಾಯನ ತಂಡವೂ ಅಲ್ಲ. ಇವರಿಬ್ಬರೇ ಒಂದೊಂದು ಸ್ವರಸಾಲನ್ನೂ ಹಲವು ಸಲ ಹಾಡಿ, ಒಂದರ ಮೇಲೊಂದು ಸೇರಿಸಿದ್ದು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈಗ ರೀಮಿಕ್ಸ್ ಎಂದರೆ ಏನು ಅಂತ ನೋಡೋಣ. ಕೇಳುಗರ ಜಗಳದಲ್ಲಿ ಅರ್ಧಕ್ಕರ್ಧ ಇಲ್ಲೇ ಗೋಜಲಾಗುತ್ತದೆ. ಸ್ಟುಡಿಯೋದಲ್ಲಿ ಹಾಡು ಮುದ್ರಣವಾಗುವುದು ಬಹುಟ್ರ್ಯಾಕ್ ಟೇಪಿನ ಮೇಲೆ. ಡ್ರಮ್ಸ್ ಒಂದು ಸಾಲಿನಲ್ಲಿ, ಬೇಸ್ ಇನ್ನೊಂದರಲ್ಲಿ, ಗಾಯನ ಮತ್ತೊಂದರಲ್ಲಿ. ಕೊನೆಗೆ ಎಂಜಿನಿಯರ್ ಇವನ್ನೆಲ್ಲ ಎಡ ಮತ್ತು ಬಲ ಎಂಬ ಎರಡೇ ಸಾಲಿಗೆ ಇಳಿಸುತ್ತಾರೆ. ಯಾವುದು ಜೋರಾಗಿರಬೇಕು, ಯಾವುದು ಹಿಂದೆ ಸರಿಯಬೇಕು, ಎಷ್ಟು ಪ್ರತಿಧ್ವನಿ ಬೇಕು ಎಂದು ಅಲ್ಲೇ ತೀರ್ಮಾನಿಸುತ್ತಾರೆ. ಅದು ಮಿಕ್ಸ್. ಆ ಬಹುಟ್ರ್ಯಾಕ್ ಟೇಪಿಗೇ ಮರಳಿ ಹೋಗಿ ಈ ಕೆಲಸವನ್ನು ಮತ್ತೆ ಮಾಡಿದರೆ ರೀಮಿಕ್ಸ್. ಮುಗಿದ ಎರಡು ಸಾಲಿನ ಟೇಪನ್ನೇ ಇಟ್ಟುಕೊಂಡು ಒಟ್ಟು ನಾದವನ್ನೂ ಸದ್ದಿನ ಗಟ್ಟಿತನವನ್ನೂ ಸರಿಪಡಿಸಿದರೆ ಅದು ರೀಮಾಸ್ಟರ್. ಇದರಲ್ಲಿ ಒಳಗಿನ ವಾದ್ಯಗಳ ಜಾಗ ಬದಲಾಗುವುದಿಲ್ಲ. ಇನ್ನು ಡ್ಯಾನ್ಸ್ ಕ್ಲಬ್ಬಿನ ರೀಮಿಕ್ಸ್ ಎಂದರೆ ಹಳೆಯ ಗಾಯನಕ್ಕೆ ಹೊಸ ತಾಳ ಕಟ್ಟುವುದು. ಹೆಸರು ಒಂದೇ, ಕೆಲಸವೇ ಬೇರೆ. ರಿಚರ್ಡ್ ಮಾಡಿದ್ದು ಮೊದಲನೆಯದನ್ನು. ಜೊತೆಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕೆಲವು ವಾದ್ಯಗಳನ್ನು ಹೊಸದಾಗಿ ನುಡಿಸಿ ಸೇರಿಸಿದರು.

1973ರ ಆಲ್ಬಂಗೆ ಬರೋಣ. 12 ಹಾಡುಗಳು. ಅತಿ ದೊಡ್ಡ ಬದಲಾವಣೆ ಆದದ್ದು 'ಟಿಕೆಟ್ ಟು ರೈಡ್' ಹಾಡಿಗೆ. ಇದು ಬೀಟಲ್ಸ್ ತಂಡದ 1965ರ ಹಾಡು. ಕಾರ್ಪೆಂಟರ್ಸ್ ಅದನ್ನು ನಿಧಾನಗತಿಯ, ದುಃಖದ ಹಾಡಾಗಿ ಮಾಡಿ 1969ರ ಮೊದಲ ಆಲ್ಬಂನಲ್ಲಿ ಹಾಕಿದ್ದರು. ಆಗ ಕ್ಯಾರೆನ್‌ಗೆ 19 ವರ್ಷ. ಆ ಹಾಡು ಅಮೆರಿಕದ ಪಟ್ಟಿಯಲ್ಲಿ 54ನೇ ಸ್ಥಾನದವರೆಗೆ ಬಂತು, ಅಷ್ಟೇ. ನಾಲ್ಕು ವರ್ಷ ಬಿಟ್ಟು ಸಂಕಲನ ಮಾಡುವಾಗ ಕ್ಯಾರೆನ್ ಅದನ್ನು ಹೊಸದಾಗಿ ಹಾಡಿದರು. ಟೋನಿ ಪೆಲೂಸೊ ಅವರ ಗಿಟಾರ್ ಸೇರಿತು.

ಈ ಎರಡು ಗಾಯನಗಳನ್ನು ಒಂದರ ಹಿಂದೆ ಒಂದು ಕೇಳಿ. ಮೊದಲನೆಯದರಲ್ಲಿ ಹುಡುಗಿಯೊಬ್ಬಳು ಕಷ್ಟಪಟ್ಟು ಹಾಡುತ್ತಿದ್ದಾಳೆ. ದನಿ ಅಲ್ಲಲ್ಲಿ ಬಿಗಿಯಾಗುತ್ತದೆ. ಎರಡನೆಯದರಲ್ಲಿ ಉಸಿರು ಎಲ್ಲಿ ತೆಗೆದರು ಎಂದೇ ತಿಳಿಯುವುದಿಲ್ಲ. ಸಾಲಿನ ಕೊನೆಯನ್ನು ಎಷ್ಟು ಹೊತ್ತು ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದು ಅವರಿಗೆ ಪೂರ್ತಿ ಗೊತ್ತಾಗಿದೆ. ಇದನ್ನು ಮೆಚ್ಚುವವರು 'ಈಗ ಹಾಡು ತನ್ನ ಎತ್ತರಕ್ಕೆ ಬಂತು' ಎನ್ನುತ್ತಾರೆ. ನಾನೂ ಇವರ ಜೊತೆಗೇ. ಆದರೆ ಮೊದಲನೆಯದನ್ನು ಇಷ್ಟಪಡುವವರ ಮಾತನ್ನೂ ಕೇಳಬೇಕು. ಕೈಬಿಟ್ಟು ಹೋಗುತ್ತಿರುವವನ ಬಗ್ಗೆ ಹಾಡುವ ಹಾಡಿದು. ದನಿಯಲ್ಲಿ ಆ ಅಳುಕು ಇದ್ದರೇ ಚೆಂದ, ಪಳಗಿದ ಗಾಯನ ಆ ನೋವನ್ನು ಮೆತ್ತಗೆ ಮಾಡುತ್ತದೆ ಎನ್ನುವುದು ಅವರ ವಾದ. ಇದು ತೂಕವಿರುವ ವಾದ ಅಲ್ವಾ?

'ಟಾಪ್ ಆಫ್ ದ ವರ್ಲ್ಡ್' ವಿಷಯದಲ್ಲಿ ಇಷ್ಟು ಗಲಾಟೆ ಇಲ್ಲ. 1972ರ ಆಲ್ಬಂನಲ್ಲಿದ್ದ ತಮ್ಮ ಗಾಯನ ಕ್ಯಾರೆನ್‌ಗೇ ಸಮಾಧಾನ ಕೊಟ್ಟಿರಲಿಲ್ಲ. ಮತ್ತೆ ಹಾಡಿದರು. ಅದು 1973ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಹೆಚ್ಚಿನವರ ತಲೆಯಲ್ಲಿರುವುದು ಈ ಎರಡನೆಯ ಗಾಯನವೇ.

ಜೋಡಿಸಿದ ಹಾಡುಗಳ ಕಥೆ ಇನ್ನೊಂದು. ಆಲ್ಬಂ ಶುರುವಾಗುವಾಗಲೇ 'ಕ್ಲೋಸ್ ಟು ಯು' ರಾಗದ ಎಳೆಯೊಂದು ಬಂದು 'ವೀವ್ ಓನ್ಲಿ ಜಸ್ಟ್ ಬಿಗನ್' ಹಾಡಿಗೆ ದಾರಿ ಬಿಡುತ್ತದೆ. ಮುಂದೆ 'ಸೂಪರ್‌ಸ್ಟಾರ್', 'ರೇನಿ ಡೇಸ್ ಅಂಡ್ ಮಂಡೇಸ್', 'ಗುಡ್‌ಬೈ ಟು ಲವ್' ಮೂರೂ ನಿಲ್ಲದೆ ಒಂದೇ ಹರಿವಿನಲ್ಲಿ ಸಾಗುತ್ತವೆ. ಎಲ್‌ಪಿಯ, ಅಂದರೆ ಗ್ರಾಮಫೋನ್ ತಟ್ಟೆಯ, ಒಂದು ಬದಿಯನ್ನು ಪೂರ್ತಿ ಕೂತು ಕೇಳುವವರಿಗೆ ಇದು ಹಬ್ಬ. ಮೂರೂ ಒಂಟಿತನದ ಹಾಡುಗಳು, ಒಂದು ಇನ್ನೊಂದನ್ನು ಆಳಕ್ಕೆ ಒಯ್ಯುತ್ತದೆ. ಬಿಡಿ ಹಾಡು ಬೇಕೆನ್ನುವವರಿಗೆ ಮಾತ್ರ ಇದು ಕಿರಿಕಿರಿ. ಹಾಡು ಮುಗಿಯಬೇಕಾದ ಕಡೆ ಮುಗಿಯುವುದಿಲ್ಲ. ರೇಡಿಯೋದಲ್ಲಿ ಕೇಳಿದ ಕೊನೆ ಇಲ್ಲಿ ಸಿಗುವುದಿಲ್ಲ. ಇಬ್ಬರೂ ಹೇಳುವುದು ಸರಿ. ಅವರು ಹುಡುಕುತ್ತಿರುವ ವಸ್ತುವೇ ಬೇರೆ ಬೇರೆ.

ಒಟ್ಟಿನಲ್ಲಿ ಜನ ಈ ಆಲ್ಬಂ ಅನ್ನು ಕೈ ಹಿಡಿದರು. 1974ರ ಜನವರಿಯಲ್ಲಿ ಅಮೆರಿಕದ ಆಲ್ಬಂ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು. ಆ ಪಟ್ಟಿಯಲ್ಲಿ ಮೊದಲ ಸ್ಥಾನ ಮುಟ್ಟಿದ ಅವರ ಆಲ್ಬಂ ಇದೊಂದೇ. ಬ್ರಿಟನ್‌ನಲ್ಲಿ ನಡುನಡುವೆ ಬಿಟ್ಟು ಒಟ್ಟು 17 ವಾರ ಮೊದಲ ಸ್ಥಾನದಲ್ಲಿತ್ತು. ಅಂದರೆ ಆಗಿನ ಕೇಳುಗರು ಈ ತಿದ್ದುಪಡಿಗಳನ್ನು ತಳ್ಳಿಹಾಕಲಿಲ್ಲ.

ಹಾಗಾದರೆ ತಕರಾರು ಗಟ್ಟಿಯಾದದ್ದು ಯಾವಾಗ? 1983ರ ನಂತರ.

ಆ ವರ್ಷದ ಫೆಬ್ರವರಿ 4ರಂದು ಕ್ಯಾರೆನ್ ತೀರಿಕೊಂಡರು. ಅವರಿಗೆ ಇನ್ನೂ 32 ವರ್ಷ. ಎರಡು ವರ್ಷ ಬಿಟ್ಟು, 1985ರಲ್ಲಿ, 'ಯೆಸ್ಟರ್‌ಡೇ ಒನ್ಸ್ ಮೋರ್' ಹೆಸರಿನ ಸಂಕಲನ ಬಂತು. ಅದರಲ್ಲಿ ರಿಚರ್ಡ್ ಮಾಡಿದ ಹೊಸ ರೀಮಿಕ್ಸ್‌ಗಳಿದ್ದವು. 1991ರ 'ಫ್ರಮ್ ದ ಟಾಪ್' ಪೆಟ್ಟಿಗೆ ಸಂಕಲನದಲ್ಲಿ ಇನ್ನಷ್ಟು ಬಂದವು. 1973ರಲ್ಲಿ ಗಾಯನದಲ್ಲೇ ಬದಲಾವಣೆ ಸಾಧ್ಯವಿತ್ತು, ಯಾಕೆಂದರೆ ಹಾಡುವವರು ಇದ್ದರು. ಈಗ ಗಾಯನಕ್ಕೆ ಕೈ ಹಾಕುವಂತಿಲ್ಲ. ಬದಲಾಗುವುದೇನಿದ್ದರೂ ಅದರ ಸುತ್ತಮುತ್ತ: ಪಿಯಾನೊ, ಡ್ರಮ್ಸ್, ಪ್ರತಿಧ್ವನಿ.

ಕೇಳುಗರ ದೂರುಗಳನ್ನು ಗಮನವಿಟ್ಟು ಓದಿದರೆ ಅವು ನಿಲ್ಲುವುದೂ ಇಲ್ಲೇ. ಪ್ರತಿಧ್ವನಿ ಜಾಸ್ತಿಯಾಯಿತು. ಡ್ರಮ್ಸ್‌ನ ಸದ್ದು 70ರ ದಶಕದ್ದಲ್ಲ, 80ರ ದಶಕದ್ದು. ಹೊಸ ಪಿಯಾನೊ ತುಂಬಾ ಹೊಳೆಯುತ್ತದೆ, ಕ್ಯಾರೆನ್ ದನಿಯ ಮುಂದೆ ಬಂದು ನಿಲ್ಲುತ್ತದೆ. ಇದನ್ನೆಲ್ಲ ಸುಮ್ನೆ ಹಳೆಯ ನೆನಪಿನ ಹಂಬಲ ಎನ್ನಲಾಗದು. ಕ್ಯಾರೆನ್ ಹಾಡುವಾಗ ಅವರ ಕಿವಿಗೆ ಬೀಳುತ್ತಿದ್ದದ್ದು ಹಳೆಯ ಪಿಯಾನೊ. ಎಲ್ಲಿ ತಡೆದರು, ಎಲ್ಲಿ ಸ್ವಲ್ಪ ಹಿಂದೆ ಬಿದ್ದು ಹಾಡಿದರು ಎಂಬುದೆಲ್ಲ ಆ ವಾದ್ಯಕ್ಕೆ ಕೊಟ್ಟ ಉತ್ತರ. ವಾದ್ಯ ಬದಲಾಯಿಸಿದರೆ ಉತ್ತರ ಉಳಿಯುತ್ತದೆ, ಪ್ರಶ್ನೆ ಬದಲಾಗಿರುತ್ತದೆ. ಹೊಸ ಪಿಯಾನೊ ನುಡಿಸಿದ್ದು ಅದೇ ರಿಚರ್ಡ್ ಆದರೂ ಇಷ್ಟು ವರ್ಷದ ಮೇಲಿನ ಕೈ ಅದೇ ಕೈ ಅಲ್ಲ. ನನ್ನ ಮಟ್ಟಿಗೆ ಈ ಪಿಯಾನೊ ಬದಲಾವಣೆಗಳು ಬೇಡವಾಗಿದ್ದವು.

ಇಷ್ಟು ಹೇಳಿದ ಮೇಲೆ ರಿಚರ್ಡ್ ಪರವಾಗಿಯೂ ಮಾತಾಡಲೇಬೇಕು. ಅವರ ಕಾರಣಗಳು ಹಗುರವಲ್ಲ. ಕೋರಸ್ ಹೇಗೆ ಕಟ್ಟುತ್ತಿದ್ದರು ಎಂದು ಆಗಲೇ ಹೇಳಿದೆ. ಟೇಪಿನಲ್ಲಿ ಸಾಲುಗಳು ಕೆಲವೇ. ಹಲವು ದನಿಗಳನ್ನು ಹಾಡಿ, ಅವನ್ನು ಒಂದೆರಡು ಸಾಲಿಗೆ ಒಟ್ಟು ಮಾಡಿ, ಜಾಗ ಖಾಲಿ ಮಾಡಿಕೊಂಡು ಮತ್ತೆ ಹಾಡಬೇಕು. ಹೀಗೆ ಪ್ರತಿ ಸಲ ನಕಲು ಮಾಡುವಾಗಲೂ ಟೇಪಿನ ಸರಸರ ಸದ್ದು ಸೇರುತ್ತಾ ಹೋಗುತ್ತದೆ. ಸಣ್ಣ ಎಎಂ ರೇಡಿಯೋದಲ್ಲಿ ಇದು ಯಾರಿಗೂ ಕೇಳಿಸುತ್ತಿರಲಿಲ್ಲ. 1982ರಲ್ಲಿ ಸಿಡಿ ಬಂತು. ಎಲ್‌ಪಿಯ ಕರಕರ ಮುಚ್ಚಿಟ್ಟಿದ್ದ ಎಲ್ಲವೂ ಬಯಲಾಯಿತು. ಪ್ರತಿ ಸ್ವರವನ್ನೂ ತೂಗಿ ಇಡುವ ಸಂಗೀತಗಾರನಿಗೆ ಅದನ್ನು ಕೇಳಿ ಸುಮ್ಮನೆ ಕೂರುವುದು ಹೇಗೆ ಸಾಧ್ಯ? ತಂಗಿಯ ದನಿ ಹೊಸ ಪೀಳಿಗೆಗೆ ಆದಷ್ಟು ಚೊಕ್ಕವಾಗಿ ತಲುಪಲಿ ಎಂಬ ಆಸೆ ಅದರಲ್ಲಿತ್ತು. ಅದನ್ನು ಅಹಂಕಾರ ಎನ್ನುವವರನ್ನು ನಾನು ಒಪ್ಪುವುದಿಲ್ಲ.

ಕೇಳುಗರ ಮೊದಲ ಅಭಿಪ್ರಾಯವೇ ಕೊನೆಯ ತೀರ್ಪು ಎಂದೂ ಹೇಳಲಾಗದು. 1972ರಲ್ಲಿ 'ಗುಡ್‌ಬೈ ಟು ಲವ್' ಬಂದಾಗ ಅದರಲ್ಲಿ ಪೆಲೂಸೊ ಅವರ ಒರಟು ಗಿಟಾರ್ ಇತ್ತು. ಮೆದು ಹಾಡಿನೊಳಗೆ ರಾಕ್ ಗಿಟಾರ್ ತುರುಕಿದ್ದಾರೆ ಎಂದು ಕೆಲವರು ಸಿಟ್ಟಿನ ಪತ್ರ ಬರೆದರು. ಇವತ್ತು ಆ ಹಾಡನ್ನು ಪ್ರೀತಿಸುವವರು ಮೊದಲು ಎತ್ತಿ ಹೇಳುವುದೇ ಆ ಗಿಟಾರನ್ನು. ರಿಚರ್ಡ್ ಅಂದು ಜನರ ಮಾತು ಕೇಳಿ ಅದನ್ನು ತೆಗೆದಿದ್ದರೆ ನಮಗೆ ನಷ್ಟವಾಗುತ್ತಿತ್ತು.

ಇನ್ನೊಂದು ಉದಾಹರಣೆ ಮಾತ್ರ ಎದುರು ದಿಕ್ಕಿಗೆ ಎಳೆಯುತ್ತದೆ. 'ಸೂಪರ್‌ಸ್ಟಾರ್' ಹಾಡಿನಲ್ಲಿ ನಾವು ಕೇಳುವ ಗಾಯನ, ವಾದ್ಯದವರಿಗೆ ದಾರಿ ತೋರಿಸಲು ಕ್ಯಾರೆನ್ ಒಮ್ಮೆ ಹಾಡಿಟ್ಟದ್ದು. ಸಾಹಿತ್ಯವನ್ನು ಕಾಗದದ ನ್ಯಾಪ್‌ಕಿನ್ ಮೇಲೆ ಬರೆದುಕೊಂಡು ಹಾಡಿದರು ಎಂದು ರಿಚರ್ಡ್ ಹೇಳಿದ್ದಾರೆ. ಆಮೇಲೆ ಸರಿಯಾಗಿ ಹಾಡಬೇಕೆಂದಿದ್ದರೂ ಈ ಮೊದಲ ಗಾಯನವನ್ನು ಮೀರಿಸಲಾಗದು ಎಂದು ಅದನ್ನೇ ಇಟ್ಟುಕೊಂಡರು. ಎಂಥ ಒಳ್ಳೆಯ ತೀರ್ಮಾನ! ತಿದ್ದಬಹುದಾಗಿತ್ತು, ತಿದ್ದಲಿಲ್ಲ. ರೀಮಿಕ್ಸ್ ಒಪ್ಪದ ಕೇಳುಗರು ಕೇಳುವುದೂ ಇದನ್ನೇ. 1971ರಲ್ಲಿ ಇದ್ದ ಆ ವಿವೇಕ ಆಮೇಲೂ ಇರಬಾರದಿತ್ತೇ ಎಂದು.

ಇಲ್ಲಿ ಇದು ಒಂದು ಜೋಡಿ ಎಂಬ ಸಂಗತಿ ಮುಖ್ಯವಾಗುತ್ತದೆ. ಒಬ್ಬನೇ ಗಾಯಕ ತನ್ನ ಹಾಡನ್ನು ತಾನು ತಿದ್ದಿಕೊಂಡರೆ ಅದು ಅವನ ಹಕ್ಕು. ಇಬ್ಬರು ಸೇರಿ ಮಾಡಿದ್ದನ್ನು ಉಳಿದ ಒಬ್ಬರು ತಿದ್ದಿದರೆ? ಕೇಳುಗರ ಸಿಟ್ಟಿನ ಅಡಿಯಲ್ಲಿ ಈ ಪ್ರಶ್ನೆ ಇದೆ. ಅವರು ಕ್ಯಾರೆನ್ ಪರವಾಗಿ ಕಾವಲು ಕೂತಿದ್ದಾರೆ. ಆದರೆ ಇತಿಹಾಸ ನೋಡಿದರೆ ಉತ್ತರ ಅಷ್ಟು ಸುಲಭವಿಲ್ಲ. 1972ರವರೆಗಿನ ಆಲ್ಬಂಗಳ ಮೇಲೆ ನಿರ್ಮಾಪಕ ಎಂದು ಜ್ಯಾಕ್ ಡಾಹರ್ಟಿ ಹೆಸರಿದೆ. 1973ರ 'ನೌ ಅಂಡ್ ದೆನ್' ಆಲ್ಬಂನಿಂದ ರಿಚರ್ಡ್ ಮತ್ತು ಕ್ಯಾರೆನ್ ಇಬ್ಬರ ಹೆಸರೂ ಬಂತು. ಹಾಡಿನ ಒಟ್ಟು ಸದ್ದು ಹೇಗಿರಬೇಕು ಎಂಬುದು ಮೊದಲಿಂದಲೂ ಹೆಚ್ಚಾಗಿ ರಿಚರ್ಡ್ ತಲೆಯಿಂದಲೇ ಬಂದದ್ದು. ತಂಗಿ ಇದ್ದಿದ್ದರೂ ಅವರು ಇವೇ ಬದಲಾವಣೆಗಳನ್ನು ಮಾಡುತ್ತಿದ್ದರೇನೋ. ಎದುರಿಗೆ ಕೂತು 'ಇದು ಬೇಡ ಬಿಡು' ಎನ್ನಬಲ್ಲ ಒಬ್ಬರು ಇರುತ್ತಿದ್ದರು, ಅದೊಂದೇ ವ್ಯತ್ಯಾಸ. ದೊಡ್ಡ ವ್ಯತ್ಯಾಸ ಕೂಡ.

ಬೇರೆ ಜೋಡಿಗಳಲ್ಲೂ ಇದು ನಡೆದಿದೆ. ಸೈಮನ್ ಅಂಡ್ ಗಾರ್ಫಂಕಲ್ ಜೋಡಿಯ 1972ರ ಹಿಟ್ ಸಂಕಲನದಲ್ಲಿ ಕೆಲವು ಹಾಡುಗಳ ಸ್ಟುಡಿಯೋ ರೂಪ ಇಲ್ಲ, ವೇದಿಕೆಯ ರೂಪ ಇದೆ. ಬ್ರಿಟನ್ನಿನ ಸಾಫ್ಟ್ ಸೆಲ್ ಜೋಡಿಯ 1991ರ ಸಂಕಲನಕ್ಕೆ ಅದರ ಗಾಯಕ ಮಾರ್ಕ್ ಆಲ್ಮಂಡ್ ತಮ್ಮ ಹಳೆಯ ಹಾಡೊಂದನ್ನು ಮತ್ತೆ ಹಾಡಿದರು. ಜರ್ಮನಿಯ ಮಾಡರ್ನ್ ಟಾಕಿಂಗ್ ಜೋಡಿ ಬೇರೆಯಾಗಿ ಹನ್ನೊಂದು ವರ್ಷವಾದ ಮೇಲೆ, 1998ರಲ್ಲಿ, 'ಬ್ಯಾಕ್ ಫಾರ್ ಗುಡ್' ಆಲ್ಬಂನೊಂದಿಗೆ ಮರಳಿತು. ಹಳೆಯ ಹಿಟ್‌ಗಳಿಗೆ 90ರ ದಶಕದ ತಾಳ ಹಾಕಿ, ರ‍್ಯಾಪ್ ಸೇರಿಸಿದ್ದರು. ಆಲ್ಬಂ ಭಾರೀ ಮಾರಾಟವಾಯಿತು. ಹಳೆಯ ಅಭಿಮಾನಿಗಳಲ್ಲಿ ಹಲವರಿಗೆ ಆ ರ‍್ಯಾಪ್ ಇವತ್ತಿಗೂ ಗಂಟಲಲ್ಲಿ ಇಳಿಯುವುದಿಲ್ಲ. ಆದರೆ ಅಲ್ಲಿ ಒಂದು ಪ್ರಾಮಾಣಿಕತೆ ಇತ್ತು. ಹಾಡಿನ ಹೆಸರಿನ ಪಕ್ಕದಲ್ಲೇ '98' ಎಂದು ಬರೆದಿದ್ದರು. ಕೊಳ್ಳುವವನಿಗೆ ತಾನು ಏನು ಕೊಳ್ಳುತ್ತಿದ್ದೇನೆ ಎಂದು ಗೊತ್ತಿತ್ತು.

ನನ್ನ ದೊಡ್ಡ ಅಸಮಾಧಾನ ಇರುವುದು ಇಲ್ಲೇ. ಕಾರ್ಪೆಂಟರ್ಸ್ ಹಾಡುಗಳ ಎಷ್ಟೋ ಸಂಕಲನಗಳಲ್ಲಿ ಒಂದು ಹಾಡು ಮೂಲ ಮಿಕ್ಸ್, ಮುಂದಿನದು ರೀಮಿಕ್ಸ್, ಅದರ ಮುಂದಿನದು ಇನ್ನೊಂದು ವರ್ಷದ ರೀಮಿಕ್ಸ್, ಹೀಗೆ ಬೆರೆತು ಬಂದಿವೆ. ಹೊದಿಕೆಯ ಹಿಂಬದಿಯಲ್ಲಿ ಹಾಡಿನ ಹೆಸರು ಮಾತ್ರ ಇರುತ್ತದೆ. ರೇಡಿಯೋದಲ್ಲಿ ಕೇಳಿದ ಹಾಡನ್ನು ಹುಡುಕಿ ಕೊಂಡವರು ಮನೆಗೆ ಬಂದು ಹಾಕಿದರೆ, ಎಲ್ಲೋ ಏನೋ ಸರಿಯಿಲ್ಲ ಅನ್ನಿಸುತ್ತದೆ. ಏನು ಎಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ಕಿವಿಯ ಮೇಲೆಯೇ ಅನುಮಾನ ಬರುತ್ತದೆ. ಕೇಳುಗನನ್ನು ಈ ಸ್ಥಿತಿಗೆ ತಂದಿಡುವುದು ಅನ್ಯಾಯ. ರೀಮಿಕ್ಸ್ ಮಾಡಿ, ಬೇಕಾದಷ್ಟು ಮಾಡಿ. ಆದರೆ ಯಾವ ವರ್ಷದ್ದು ಎಂದು ಬರೆಯಿರಿ. ಮೂಲವನ್ನೂ ಪಕ್ಕದಲ್ಲಿ ಇಡಿ.

ಇದಕ್ಕೆ ಇನ್ನೊಂದು ಮುಖವಿದೆ. 1995ರಲ್ಲಿ ಜಪಾನಿನ ಟಿವಿ ಧಾರಾವಾಹಿಯೊಂದರಲ್ಲಿ 'ಐ ನೀಡ್ ಟು ಬಿ ಇನ್ ಲವ್' ಹಾಡು ಬಳಕೆಯಾಯಿತು. ಅದು 1976ರ ಹಾಡು. ಆ ಹಾಡು ಬಂದಾಗ ಹುಟ್ಟಿಯೇ ಇರದ ಜಪಾನಿನ ಹುಡುಗ ಹುಡುಗಿಯರು ಕಾರ್ಪೆಂಟರ್ಸ್ ಸಂಕಲನಕ್ಕೆ ಮುಗಿಬಿದ್ದರು. ಹೀಗೆ ಸಿಡಿ ಕಾಲದಲ್ಲಿ ಬಂದವರಿಗೆ ಮೊದಲು ಕಿವಿಗೆ ಬಿದ್ದ ರೂಪವೇ ಮೂಲ. ಅಂಥವರಿಗೆ 1970ರ ಮಿಕ್ಸ್ ಕೇಳಿಸಿದರೆ 'ಇದ್ಯಾಕೆ ಇಷ್ಟು ಸಣಕಲು?' ಎಂದು ಕೇಳುತ್ತಾರೆ. ಅವರ ಪ್ರೀತಿಯೂ ನಿಜವೇ. ಯಾರು ಮೊದಲು ಕೇಳಿದರು ಎಂಬುದರ ಮೇಲೆ ಯಾರ ಕಿವಿ ದೊಡ್ಡದು ಎಂದು ಹೇಳಲಾಗದು.

2004ರಲ್ಲಿ 'ದ ಸಿಂಗಲ್ಸ್ 1969–1981' ಸರೌಂಡ್ ರೂಪದಲ್ಲಿ, ಅಂದರೆ ಸುತ್ತಲೂ ಇಟ್ಟ ಸ್ಪೀಕರ್‌ಗಳಿಂದ ಕೇಳುವಂತೆ, ಬಂತು. ಅದರಲ್ಲಿ ಆ ಇಬ್ಬರ ಕೋರಸ್ ಪದರಪದರವಾಗಿ ನಿಮ್ಮ ಸುತ್ತ ನಿಲ್ಲುತ್ತದೆ. ಇದು ಹಳೆಯ ರೆಕಾರ್ಡಿನ ಜಾಗ ಕಸಿಯಲು ಬಂದದ್ದಲ್ಲ ಎಂದು ಕೇಳಿದ ಕೂಡಲೇ ಗೊತ್ತಾಗುತ್ತದೆ. ಅದಕ್ಕೇ ನನಗೆ ಅದರ ಮೇಲೆ ಯಾವ ತಕರಾರೂ ಇಲ್ಲ. 2018ರ ರಾಯಲ್ ಫಿಲ್‌ಹಾರ್ಮಾನಿಕ್ ಆರ್ಕೆಸ್ಟ್ರಾ ಜೊತೆಗಿನ ಆಲ್ಬಂ ಕೂಡ ಹಾಗೆಯೇ ಹೆಸರು ಹೇಳಿಕೊಂಡೇ ಬಂತು. ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದಲ್ಲಿ ರಿಚರ್ಡ್ ತಾವೇ ವಾದ್ಯವೃಂದ ನಡೆಸಿದರು. ಹಳೆಯ ಟೇಪಿನ ಸದ್ದುಗಳನ್ನು ಅಳಿಸಿ ಕ್ಯಾರೆನ್ ದನಿಯನ್ನು ಶುಚಿ ಮಾಡಿದರು. ದನಿ ಇಷ್ಟು ಹತ್ತಿರ ಎಂದೂ ಕೇಳಿಸಿರಲಿಲ್ಲ ಎಂದು ಮೆಚ್ಚಿದವರಿದ್ದಾರೆ. ಮೊದಲೇ ತುಂಬಿದ್ದ ಹಾಡಿಗೆ ಇನ್ನಷ್ಟು ಪಿಟೀಲು ಯಾಕೆ ಎಂದವರೂ ಇದ್ದಾರೆ. ನನಗೆ ದನಿ ಬೇಕಿತ್ತು, ಅದು ಸಿಕ್ಕಿತು. ಪಿಟೀಲು ಕಮ್ಮಿ ಇದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಮನೆಯಲ್ಲಿ ಹೋಲಿಸಿ ನೋಡುವವರಿಗೆ ಒಂದು ಕೋರಿಕೆ. ಎರಡು ರೂಪಗಳನ್ನೂ ಒಂದೇ ಗಟ್ಟಿತನಕ್ಕೆ ತಂದುಕೊಂಡು ಕೇಳಿ. ಸ್ವಲ್ಪ ಜೋರಾಗಿರುವುದು ನಮ್ಮ ಕಿವಿಗೆ ಸಾಮಾನ್ಯವಾಗಿ ಉತ್ತಮ ಅನ್ನಿಸುತ್ತದೆ. ಹೊಸ ಸಿಡಿಗಳು ಹಳೆಯವಕ್ಕಿಂತ ಜೋರಾಗಿರುವುದೇ ಹೆಚ್ಚು. ಎಷ್ಟೋ 'ರೀಮಿಕ್ಸ್ ಅದ್ಭುತ' ಎಂಬ ಮಾತುಗಳು ಈ ಒಂದು ಕಾರಣಕ್ಕೆ ಹುಟ್ಟಿದಂಥವು. ಗಟ್ಟಿತನ ಸಮ ಮಾಡಿದ ಮೇಲೆ ಮೊದಲು ದನಿಯನ್ನು ಬಿಟ್ಟುಬಿಡಿ. ಬೇಸ್ ಎಲ್ಲಿದೆ, ಪಿಯಾನೊ ಎಷ್ಟು ಹತ್ತಿರ ಇದೆ, ಡ್ರಮ್ಸ್ ಹೊಡೆದ ಮೇಲೆ ಸದ್ದು ಎಷ್ಟು ಹೊತ್ತು ಉಳಿಯುತ್ತದೆ ನೋಡಿ. ಆಮೇಲೆ ದನಿಗೆ ಬನ್ನಿ.

ಈಗ 'ಟಿಕೆಟ್ ಟು ರೈಡ್' ಹಾಡಿನ ಎರಡೂ ರೂಪಗಳನ್ನು ಹಾಕುತ್ತೇನೆ. ಮೊದಲು 1969ರದ್ದು, ಆಮೇಲೆ 1973ರದ್ದು. ಎರಡೂ ಮುಗಿದ ಮೇಲೆ ನಿಮ್ಮ ಅಭಿಪ್ರಾಯ ಹೇಳಿ. ಅದರಲ್ಲೂ ಮೊದಲನೆಯದೇ ಚೆನ್ನಾಗಿದೆ ಅನ್ನಿಸಿದವರು ದಯವಿಟ್ಟು ಸಂಕೋಚ ಬಿಟ್ಟು ಮಾತಾಡಿ. ನಿಮ್ಮ ವಾದ ಕೇಳುವ ಆಸೆ ನನಗೆ ಜಾಸ್ತಿ.